ಉಪವಾಸದ ಹದಿನೇಳನೇ ದಿನ

ಫ್ರಿಜ್ಜಿನ ಇಲಿಯನ್ನು ಬಿಸಿನೀರಲ್ಲದ್ದಿ
ಬಾಲ ಹಿಡಿದು ಆಡಿಸಿದೆ, ಬದುಕಿರುವಂತೆ.
ಹೆಬ್ಬಾವಿನ ಮರಿ ಮೂಸಿತು. ತಲೆ ತಿರುವಿತು.

ತಕ್ಕಡಿ ಕೆಳಗಿನ ಮನೆ ಫಿಲೋಮಿನಮ್ಮನದು,
ಕೇಕಿನ ಮೈದಾ ತೂಗುವುದು.
ಯಾಕೆಂದು ಹೇಳದೆ ತಂದಿದ್ದೇನೆ.
ಹನ್ನೊಂದು ಗ್ರಾಂ ಇಳಿದಿದೆ.

ದುರ್ಗಿಗುಡಿಯ ಡಾಕ್ಟರು ನಕ್ಕರು:
"ನಾಯಿಯಾದರೆ ಹೇಳುತ್ತಿದ್ದೆ,
ಈ ಪರದೇಶಿಗೆ ಏನೆನ್ನಲಿ?"
ಆಮೇಲೆ ನಗು ಬಿಟ್ಟು, ಟಾರ್ಚು ಹಿಡಿದು,
"ಕಣ್ಣು ನೋಡಮ್ಮ, ಗಂಜಿತಿಳಿಯ ಹಾಗಿದೆ.
ಪೊರೆ ಬಿಡುವ ಕಾಲ.
ಕುರುಡುಗವಿದಾಗ ಊಟ ಯಾರಿಗೆ ಬೇಕು?"

ಡಬ್ಬಿಗೆ ಟವಲು ಹೊದಿಸಿದೆ,
ಒದ್ದೆಬಟ್ಟೆ ಒಳಗಿಟ್ಟೆ,
ತೆಗೆದು ನೋಡಲಿಲ್ಲ,
ಎರಡು ಸಲ ಬಿಟ್ಟು.

ಆರನೇ ರಾತ್ರಿ
ಒಣಕಾಗದ ಸರಿದಂಥ ಸದ್ದು.
ದೀಪ ಹಾಕಲು ಎದ್ದವಳು
ಇಲಿವಾಸನೆಯ ನನ್ನ ಕೈಯನ್ನು
ಇನ್ನೊಂದು ಕೈಯಲ್ಲಿ ಹಿಡಿದು
ಕತ್ತಲಲ್ಲೇ ಕೂತೆ.