ಮೂವತ್ತೊಂದನೆಯ ವಾರ

ತೊಂಬತ್ತು ನಿಮಿಷ ಕೂತು ಕೇಳಿದರೆ
ಊಟ ಪುಕ್ಕಟೆ ಎಂದಿದ್ದರು.
ನೂರಾ ನಲವತ್ತಾಯಿತು. ಮಡಿಕೇರಿಯ ಗುಡ್ಡದ ಮೇಲೆ
ಗಾಜಿನ ಕೋಣೆ, ಗಾಜಿನಾಚೆ ಮಂಜು,
ಮಂಜಿನೊಳಗೆ ಇದೆಯೆಂದು ಹುಡುಗ ಹೇಳುತ್ತಿರುವ ಕಣಿವೆ.

ಸುಂಟಿಕೊಪ್ಪದ ಶಮೀರ. ಟೈ ಬಿಗಿ, ನಗು ಸಡಿಲ.
ನೇರ ನಮ್ಮಿಂದಲೇ ಕೊಂಡರೆ, ಮೇಡಂ,
ನೀಲಿ ಕಾರ್ಡು. ಹುಟ್ಟುಹಬ್ಬಕ್ಕೆ ಕೇಕು.
ಇಲ್ಲಿ ಬೇಡವೆಂದರೆ ಗೋವಾದಲ್ಲಿ ಒಂದು ವಾರ.
ಬಳಸದೆ ಉಳಿದ ದಿನಗಳು ಪಾಯಿಂಟುಗಳಾಗಿ
ಮುಂದಿನ ವರ್ಷಕ್ಕೆ ಮರಿ ಹಾಕುತ್ತವೆ.
ಹೊರಡುವ ದಿನ ಹತ್ತಕ್ಕಲ್ಲ, ಎರಡಕ್ಕೆ
ಕೋಣೆ ಬಿಟ್ಟರೆ ಸಾಕು.
ಆರೂವರೆ ಲಕ್ಷ. ಇವತ್ತೇ ಆದರೆ ಐದೂ ಮುಕ್ಕಾಲು.

ಇವತ್ತೇ ಆದರೆ.
ಆ ಮಾತು ನನಗೆ ಗೊತ್ತು.
ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ವಿಮೆ ಮಾರಿದವಳು,
ಮಾರ್ಚ್ ಮೂವತ್ತೊಂದರ ಸಂಜೆ ಮಂಡಕ್ಕಿ ಭಟ್ಟಿಗಳ ಮುಂದೆ
ಇದೇ ಮಾತನ್ನು ಇದಕ್ಕಿಂತ ಚೆನ್ನಾಗಿ ಆಡಿದ್ದೇನೆ.
ಪೆನ್ನನ್ನು ಮೇಜಿನ ಮೇಲೆ ಅರ್ಧ ಇಂಚು ಸರಿಸಿ
ಆಮೇಲೆ ಸುಮ್ಮನಿರಬೇಕು.
ಸುಮ್ಮನಿರುವುದನ್ನು ಈ ಹುಡುಗ ಇನ್ನೂ ಕಲಿತಿಲ್ಲ.

ಆದರೂ ಬೇಕೆನಿಸಿತು ಆ ನೀಲಿ ಕಾರ್ಡು. ಸುಳ್ಳೇಕೆ.
ಹಾಲೇಶ ಆಗಲೇ ಗೋವಾದಲ್ಲಿದ್ದ,
ಪ್ಯಾಂಟು ಮೊಣಕಾಲಿಗೆ ಮಡಚಿ.

ಮರುದಿನ ಅಮ್ಮತ್ತಿ.
ಚೋಂದಮ್ಮ, ನಿವೃತ್ತ ನರ್ಸು, ಮಾರುತ್ತಿರುವುದು
ಅದೇ ಕಟ್ಟಡದ, ಅದೇ ಸಾಲಿನ ಒಂದು ವಾರ.
ವರ್ಷದ ಮೂವತ್ತೊಂದನೆಯದು. ಒಂದೂಕಾಲು ಲಕ್ಷ.
ಕಕ್ಕಡದ ನಟ್ಟನಡುವೆ, ಜಿಗಣೆ ಬಿಟ್ಟರೆ
ಬೇರಾರಿಗೂ ಬೇಡದ ವಾರ, ಎಂದು ಅವರೇ ನಕ್ಕರು.

ಇಪ್ಪತ್ತು ಮೈಲಿಯಲ್ಲಿ ಸ್ವಂತ ಮನೆಯಿದ್ದೂ
ಅಲ್ಲೇಕೆ ಕೊಂಡಿರಿ?
“ಸುಬೇದಾರರು ಪಿಂಚಣಿ ಹಣ ತಂದ ವರ್ಷ ಹೇಳಿದೆ,
ಏಳು ದಿನ, ಏಳೇ ದಿನ,
ಬೇರೆ ಯಾರಾದರೂ ನನಗೆ ರೊಟ್ಟಿ ಸುಡಲಿ.
ನನ್ನೂರಲ್ಲೇ ನಾನು ನೆಂಟಳಾಗಬೇಕು.”

ಎರಡನೇ ಕೈಗೆ ದಾಟುವಾಗ ಏನೇನು ದಾಟುವುದಿಲ್ಲವೆಂದು
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಟ್ಟರು,
ಔಷಧಿಯ ಹೊತ್ತು ಬರೆಯುವ ಗುಂಡನೆಯ ಅಕ್ಷರದಲ್ಲಿ:
ಕಾರ್ಡು ಇಲ್ಲ. ಪಾಯಿಂಟು ಇಲ್ಲ. ಗೋವಾ ಇಲ್ಲ.
ಕೇಕು ನೀವೇ ತರುವುದು.
ಸವಲತ್ತು ಅಂಟಿರುವುದು ಹೆಸರಿಗೆ, ವಾರಕ್ಕಲ್ಲ.
ನಿರ್ವಹಣೆಯ ಶುಲ್ಕ ಮಾತ್ರ ಹೆಸರು ಕೇಳದೆ ಬರುತ್ತದೆ,
ವರ್ಷಕ್ಕೆ ಹದಿನೆಂಟು ಸಾವಿರ,
ಬಂದರೂ ಬಾರದಿದ್ದರೂ.
“ಇದನ್ನು ಆ ಹುಡುಗ ಹೇಳಿದನಾ?”

ಹೇಳಿದ್ದ. ಹದಿನಾಲ್ಕನೆಯ ಪುಟದಲ್ಲಿ.

ಗೋಣಿಕೊಪ್ಪದ ಲಾಡ್ಜಿನಲ್ಲಿ ರಾತ್ರಿ ಲೆಕ್ಕ.
ನಡುವೆ ಉಳಿಯುವುದು ನಾಲ್ಕೂವರೆ ಲಕ್ಷ.
ಅದರ ಬಡ್ಡಿಯಲ್ಲೇ ವರ್ಷಕ್ಕೊಮ್ಮೆ ಗೋವಾ ನೋಡಬಹುದು,
ಪಾಯಿಂಟಿಲ್ಲದೆ, ಬಸ್ಸಿನಲ್ಲಿ.
ಹಾಲೇಶ ಟವೆಲು ಹಿಂಡುತ್ತ ಕೇಳಿದ:
ನೋಡಬಹುದು. ನೋಡುತ್ತೇವಾ?

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ.
ಶೃಂಗೇರಿ ಎರಡು ಸಲ, ಅದೂ ಹರಕೆ.
ಹಾಗಾದರೆ ನಾವು ಕೊಳ್ಳುತ್ತಿರುವುದು ಕೋಣೆಯಲ್ಲ,
ಹೋಗಲೇಬೇಕೆಂಬ ಒತ್ತಾಯ.
ಕೂಡಿಡಲು ಬಾರದವರಿಗೆ ನಾನು ವಿಮೆ ಮಾರಿದ್ದೂ
ಹೀಗೇ ಅಲ್ಲವೆ?
ದೀಪ ಆರಿಸಿದೆ. ಸೊನ್ನೆಗಳು ಆರಲಿಲ್ಲ.

ಬೆಳಿಗ್ಗೆ ಫೋನು. ಚೋಂದಮ್ಮ.
“ಒಂದು ಮರೆತಿದ್ದೆ. ಕಕ್ಕಡದ ಹದಿನೆಂಟು
ಬೀಳುವುದು ನಿಮ್ಮ ವಾರದಲ್ಲೇ.
ಹಿಂದಿನ ದಿನ ಅಡುಗೆಯ ಕುಟ್ಟಪ್ಪನಿಗೆ ಒಂದು ಮಾತು ಹಾಕಿ,
ಮದ್ದುಸೊಪ್ಪಿನ ಪಾಯಸ ಮಾಡುತ್ತಾನೆ.
ಮಾರನೆಯ ದಿನ ಮೂತ್ರ ಬಣ್ಣ ತಿರುಗಿದರೆ ಹೆದರಬೇಡಿ.
ನರ್ಸಾಗಿ ಹೇಳುತ್ತಿದ್ದೇನೆ.”

ಇದು ದಾಟುತ್ತದೆಯೇ, ಎರಡನೇ ಕೈಗೆ?
“ಅದು ಕಾಗದದಲ್ಲಿ ಇಲ್ಲವೇ ಇಲ್ಲವಲ್ಲ.”

‘ನಿಮ್ಮ ವಾರ’ ಎಂದಿದ್ದರು. ಕೇಳಿಸಿಕೊಂಡಿದ್ದೆ.
ಕಸುಬು ಬಿಡುತ್ತದೆಯೇ, ಹತ್ತು ಸಾವಿರ ಇಳಿಸಿ ಎಂದೆ.
ಆಚೆ ಕಡೆ ಅವರು ಸುಮ್ಮನಾದರು.
ಎಲ್ಲೋ ಒಂದು ಕುಕ್ಕರು ಕೂಗಿತು, ನಿಂತಿತು.
ಅವರು ಇನ್ನೂ ಸುಮ್ಮನೆ.

ಪೆನ್ನು ಎಲ್ಲಿಟ್ಟೆ, ಹಾಲೇಶ?