ಕುಗ್ಗುವ ಲೆಕ್ಕ

ಉದ್ಯಮಬಾಗದ ಶೆಡ್ಡಿನ ಕಡೀ ಮೂಲ್ಯಾಗ ನನ್ನ ಮೇಜು.
ಇಲ್ಲಿ ಕಬ್ಬಿಣಕ್ಕಿಂತ ಮೊದಲ ಎಲ್ಲಾ ಕಟ್ಟಿಗೀನ ಇರತೈತಿ:
ಪಂಪಿನ ಹೊಟ್ಟಿ, ಗಾಣದ ಹಲ್ಲು,
ಟ್ರ್ಯಾಕ್ಟರಿನ ಯಾವುದೋ ಒಂದು ಕಿವಿ.
ನಾ ಸಾಗವಾನಿಯಾಗ ಕೆತ್ತತೇನಿ,
ಸಾತೇರಿ ಉಸುಕಿನಾಗ ಒತ್ತತಾನ,
ಆಮ್ಯಾಲ ಕುಲುಮಿ ಬಾಯಿ ತೆರದು ಕೆಂಪಗ ಸುರೀತೈತಿ.

ನನ್ನ ಅಳತಿಪಟ್ಟಿ ಸುಳ್ಳ ಹೇಳತೈತಿ.
ಅದರ ಒಂದು ಅಡಿ, ಅಡಿಗಿಂತ ಜೋಳದ ಕಾಳಷ್ಟು ಉದ್ದ.
ಕಾದ ಕಬ್ಬಿಣ ಆರಿದ ಮ್ಯಾಲ ಕುಗ್ಗತೈತಿ,
ಕುಗ್ಗೂದನ್ನ ಮೊದಲ ಲೆಕ್ಕಾ ಹಿಡೀಬೇಕು.
ಇಲ್ಲಂದ್ರ ಮಾಲು ವಾಪಸ್.

ಸೋಮವಾರ ಮಾಲೀಕರು ಹೊಸ ನಕಾಶಿ ಹಾಸಿದರು.
ಉರುಟು, ಒಳಗ ಟೊಳ್ಳು, ತುದಿ ಚೂಪು.
"ಏನ್ರೀ ಇದು?"
"ಎಕ್ಸಪೋರ್ಟ್ ಮಾಲು, ಮೌನೇಶಪ್ಪ. ದೋಸ್ತ ದೇಶದ್ದು.
ನಲವತ್ತು ಸಾವಿರ. ದೀಪಾವಳಿಗೆ ಡಬಲ್ ಬೋನಸ್."

ದೋಸ್ತ ಯಾರ ಮ್ಯಾಲ ಬಿದ್ದಾನ ಅಂತ
ಕ್ಯಾಂಟೀನಿನ ಟೀವಿಯಾಗ ದಿನಾ ನೋಡತೇವಿ,
ಉಪ್ಪಿಟ್ಟು ತಿನಕೋತ.
ಮೊನ್ನೆ ಒಬ್ಬ ಹೆಣಮಗಳು ಬಿದ್ದ ಗ್ವಾಡಿ ಬುಡದಿಂದ
ಕುಕ್ಕರ್ ಎಳದು ತಗದ್ಲು. ಮುಚ್ಚಳ ಬಿಗದಂಗ ಇತ್ತು.
"ಸೀಟಿ ಆಗಿತ್ತೋ ಇಲ್ಲೋ" ಅಂದ ಸಾತೇರಿ.
ಯಾರೂ ನಗಲಿಲ್ಲ.

ನಮ್ಮ ಮುತ್ತ್ಯಾನ ಕಾಕಾ ಕಾಳಪ್ಪ
ಬಡಿಗ ಅಂತ ಹೆಸರು ಬರಸಿ
ಸರಕಾರದ ಲಡಾಯಿಗೆ ಬಸ್ರಾಕ್ಕ ಹೋದ.
ಯಾರ ಜೋಡಿ ಯಾರ ಜಗಳ, ಅವಗ ಯಾರೂ ಹೇಳಲಿಲ್ಲ.
ತಿರುಗಿ ಬಂದದ್ದು ಅಂಗೈಯಗಲದ ಕಂಚಿನ ಬಿಲ್ಲಿ,
ಅದರಾಗ ಅವನ ಹೆಸರು, ಇಂಗ್ಲೀಷಿನಾಗ.
ಓದಾಕ ಬರದ ಅವನ ಅವ್ವ
ಅದನ್ನ ಮೊಸರಗಡಿಗಿ ಮ್ಯಾಲ ಮುಚ್ಚಿದಳು.
ಬೆಕ್ಕು ಬಾಯಿ ಹಾಕಲಿಲ್ಲ. ಅಷ್ಟ ಉಪಯೋಗ ಆತು.

ರೇಡಿಯೋದಾಗ ಅಂದರು,
ನಮ್ಮ ಒಬ್ಬ ಸಿಪಾಯೀನೂ ಹೋಗೂದಿಲ್ಲಂತ.
ಖರೇನ. ನಸುಕಿನ್ಯಾಗ ಕ್ಯಾಂಪಿನ ರಸ್ತಾದಾಗ ಓಡೂ ಹುಡುಗರು
ಇಲ್ಲೇ ಅದಾರ, ಬೆವರು ಒರಸಕೋತ.
ಹೋಗೂದು ನನ್ನ ಕಟ್ಟಿಗೀದು, ಸಾತೇರಿ ಉಸುಕಿಂದು.

ದೋಸ್ತಿ ಬ್ಯಾಡ ಅನ್ನೂದಿಲ್ಲ ನಾ.
ಅವನ ಮನೀಗೆ ಬೆಂಕಿ ಬಿದ್ದರ ಕೊಡಾ ಹೊತ್ತು ಓಡತೇನಿ.
ಅಂವ ಮಂದಿ ಮನೀಗೆ ಹಚ್ಚಾಕ ಹೊಂಟರ
ಕಡ್ಡಿಪೆಟ್ಟಿಗಿ ನಂದ ಯಾಕ ಬೇಕು?
ರಟ್ಟಿ ಹಿಡದು "ಎಲ್ಲಿಗೆ ಹೊಂಟಿ, ಕೂಡು" ಅನ್ನಾಂವಗ
ಏನಂತೀರಿ ನಿಮ್ಮ ಕಡೆ?

ಮಾಮೂಲಿ ಪಟ್ಟಿ ಹಿಡದು ಕೆತ್ತಿದ್ರ
ನಲವತ್ತು ಸಾವಿರಾನೂ ಸಣ್ಣ ಆಗಿ ವಾಪಸ್ ಬರತಿದ್ದವು.
ಮನಸಿನಾಗ ಬಂತು, ಇಲ್ಲ ಅನ್ನೂದಿಲ್ಲ.
ಕೈ ಒಪ್ಪಲಿಲ್ಲ.
ನಕಾಶಿ ಸುತ್ತಿ ಮಾಲೀಕರ ಟೇಬಲ್ ಮ್ಯಾಲ ಇಟ್ಟು ಬಂದೆ.
"ನೀ ಅಲ್ಲದಿದ್ರ ಮಚ್ಛೆಯಾಗ ಕಂಪ್ಯೂಟರ್ ಮಶೀನ್ ಐತಿ."
ಐತಿ. ನಂಗೂ ಗೊತ್ತೈತಿ.

ಈಗ ಬೈಲಹೊಂಗಲದ ಹಿಟ್ಟಿನ ಗಿರಣಿಗೆ ಗಾಲಿ ಕೆತ್ತಾಕತ್ತೇನಿ,
ಜೋಳದ ಕಾಳಷ್ಟು ಹೆಚ್ಚಿಗಿ ಹಿಡದು.
ಆಚಿ ಶೆಡ್ಡಿನಾಗ ರಾತ್ರಿ ಪಾಳಿ ಸುರು ಆಗೇತಿ.
ಸಾತೇರಿ ಅಲ್ಲೇ ಅದಾನ. ಅವನ ಮಗಳ ಲಗ್ನ ಐತಿ.
ಹೋಗೂಮುಂದ ನನ್ನ ಡಬ್ಬಿಯಾಗಿಂದ ಒಂದು ರೊಟ್ಟಿ ತಗೊಂಡ,
ಮಾರಿ ನೋಡಲಿಲ್ಲ.