ಥರ್ಕೆಟ್ಲ್ ಮನೆಯ ಕೆಟಲ್

ನೀರಿಟ್ಟಿದ್ದಾನೆ ವಿಲ್ಫ್ರೆಡ್. ಇದು ಐದನೇ ಸಲ.
ಕುದಿಯುತ್ತದೆ, ಆರಿಸುತ್ತಾನೆ, ಮತ್ತೆ ಇಡುತ್ತಾನೆ.
ನಾರ್ಫಕ್‌ನ ಈ ಮೂಲೆಯಲ್ಲಿ ಡಿಸೆಂಬರ್ ಅಂದರೆ
ನಾಲ್ಕಕ್ಕೇ ಕತ್ತಲು, ಕಿಟಕಿಗೆ ಕಡಲಿನ ಉಪ್ಪು.

ನದಿಗಾಗಿ ಘೋಷಣೆ ಕೂಗಲು ಲಂಡನ್ನಿಗೆ ಹೋದ ತಾಮ್ಸಿನ್
ಮಧ್ಯಾಹ್ನ ಒಂದೇ ಸಾಲು ಕಳಿಸಿದ್ದಳು:
"ತಾತ, ನಮ್ಮನ್ನು ಕೆಟಲ್ ಮಾಡಿದ್ದಾರೆ."
ಓದಿದ. ಕನ್ನಡಕ ಒರೆಸಿಕೊಂಡು ಓದಿದ.
ಎಪ್ಪತ್ತೆಂಟು ವರ್ಷ ಈ ಪದವನ್ನೇ ಹೊತ್ತು ಬಾಳಿದವನು.
ಅದು ಕ್ರಿಯಾಪದವಾದದ್ದು ಯಾವಾಗ?

ಅಪ್ಪ ಹೇಳುತ್ತಿದ್ದ: ನಮ್ಮ ಹೆಸರು ದೋಣಿಯಲ್ಲಿ ಬಂದದ್ದು.
ಥೋರ್ ದೇವರ ಕೆಟಲ್, ಥರ್ಕೆಟ್ಲ್.
ಬಲಿಯ ಮಾಂಸ ಬೇಯುವ ಹಂಡೆಯ ಹೆಸರನ್ನೇ
ಮಗುವಿಗಿಡುತ್ತಿದ್ದರಂತೆ ಆ ಉತ್ತರದ ಜನ,
ಹೊಟ್ಟೆ ತುಂಬಿರಲಿ ಅಂತಲೋ,
ಉರಿಯ ಮೇಲೂ ತಾಳಿಕೊಳ್ಳಲಿ ಅಂತಲೋ.

ಅದಕ್ಕೂ ಮೊದಲು ರೋಮಿನವರ ಮನೆಯಲ್ಲಿ
ಅದು ಪುಟ್ಟ ಬಟ್ಟಲು, ಕತಿಲ್ಲುಸ್,
ಒಂದು ಹಿಡಿ ಬಟಾಣಿ ಹಿಡಿಸುವಷ್ಟು.
ಇಂಗ್ಲಿಷರ ನಾಲಿಗೆಗೆ ಬಂದು 'ಚೆಟೆಲ್' ಎಂದು ಮೆತ್ತಗಾಯಿತು;
ದೋಣಿಯವರು 'ಚ' ಕಿತ್ತು 'ಕ' ಬಡಿದರು,
ತೂತುಬಿದ್ದ ತಳಕ್ಕೆ ತಗಡು ಬಡಿದ ಹಾಗೆ.
ಸಾವಿರ ವರ್ಷ ಸೋರಿಲ್ಲ.

ಊರಾಚೆಯ ಹೊಂಡವೂ ಕೆಟಲ್ಲೇ.
ಹಿಮ ಹಿಂದೆ ಸರಿಯುವಾಗ ಮರೆತುಬಿಟ್ಟ ಗಡ್ಡೆಯೊಂದು
ಮರಳಿನಡಿ ಒಂಟಿಯಾಗಿ ಕರಗಿ ಕರಗಿ
ತಾನಿದ್ದ ಜಾಗವನ್ನಷ್ಟೇ ಉಳಿಸಿಹೋಯಿತು.
ಮಾರ್ಜರಿ ಇದ್ದಾಗ ಭಾನುವಾರ ಅಲ್ಲಿ ಫ್ಲಾಸ್ಕು ಬಿಚ್ಚುತ್ತಿದ್ದರು.
ಈಗ ಬರೀ ಜೊಂಡು, ಎರಡು ಬಾತು.

ಇನ್ನು ಯುದ್ಧ. ಜರ್ಮನರ ಬಾಯಲ್ಲಿ ಕೆಸೆಲ್, ಇದರದೇ ದಾಯಾದಿ:
ನಡುವೆ ಒಂದು ಸೇನೆ, ಸುತ್ತ ಇನ್ನೊಂದು, ಮುಚ್ಚಳ ಬಿಗಿ.
ಆ ಅರ್ಥವೇ ಈಗ ಹೆಲ್ಮೆಟ್ಟು ತೊಟ್ಟು
ಸೇತುವೆಯ ಮೇಲೆ ನಿಂತಿದೆ, ಗುರಾಣಿಗೆ ಗುರಾಣಿ ತಾಗಿಸಿ,
ಹತ್ತೊಂಬತ್ತರ ಹುಡುಗಿಯ ಸುತ್ತ.
ಏಳು ಗಂಟೆಯಾಯಿತು.
ಆ ಕೆಟಲ್ಲಿನೊಳಗೆ ಒಂದು ಗುಟುಕು ನೀರಿಲ್ಲವಂತೆ.

ಹತ್ತೂವರೆಗೆ ಫೋನು.
"ಬಿಟ್ಟರು ತಾತ. ಕಾಲು ನಂದಲ್ಲ ಅನ್ನಿಸ್ತಿದೆ."
ಹೇಳಬೇಕೆಂದಿದ್ದ: ರೋಮು, ದೋಣಿ, ಹಂಡೆ, ಹೆಸರು.
ಗಂಟಲಿನಿಂದ ಹೊರಟದ್ದು ಇಷ್ಟೇ:
"ಕೆಟಲ್ ಇಟ್ಟಿದ್ದೀನಿ ಕಣೇ."
ನೂರಿಪ್ಪತ್ತು ಮೈಲಿ ಆಚೆಯಿಂದ ಅವಳು:
"ಗೊತ್ತು. ಮುಚ್ಚಳದ ಸದ್ದು ಇಲ್ಲಿಗೇ ಬರ್ತಿದೆ."
ಆಮೇಲೆ ನಗು, ಇಲ್ಲವೇ ನಡುಕ.
ಫೋನಿನಲ್ಲಿ ಎರಡೂ ಒಂದೇ ಥರ.